ರೈಲು ಬರುವ ಊರಲ್ಲಿ ಹೆನ್ರಿ ಜಾರ್ಜ್ ನೆನಪು

ಮನ್ಮಾಡಿನಲ್ಲಿದ್ದೇನೆ ಅಂದರೆ ಊರ ಕಡೆಯವರಿಗೆ ಗುರುತು ಹೇಳುವುದು ಸುಲಭ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋದವರೆಲ್ಲ ಈ ಜಂಕ್ಷನ್ ದಾಟಿಯೇ ಹೋಗಿರುತ್ತಾರೆ. ಹೆಂಡತಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಯಿತು. ನನ್ನದು ಮನೆಯಿಂದಲೇ ಕೋಡ್ ಬರೆಯುವ ಕೆಲಸ. ನಾಲ್ಕು ವರ್ಷದಿಂದ ಇದ್ದ ಬಾಡಿಗೆ ಮನೆಯನ್ನೇ ಕೊಳ್ಳೋಣವೆಂದು ಮಾಲೀಕರ ಹತ್ತಿರ ಮಾತಾಡಿ, ಸಾಲಕ್ಕೂ ಅರ್ಜಿ ಹಾಕಿದ್ದೆವು. ಅಷ್ಟರಲ್ಲಿ ಹೊರಗಿನವರೊಬ್ಬರು ಬಂದು ನಮ್ಮ ಬೀದಿಯ ಮೂರು ಮನೆ, ನಾಲ್ಕು ಸೈಟು ಒಟ್ಟಿಗೇ ಕೊಂಡರು. ನಮ್ಮ ಮನೆಯೂ ಅದರಲ್ಲೇ ಹೋಯಿತು.

ಅವರು ಇಲ್ಲಿ ಬಂದು ವಾಸ ಮಾಡುವವರಲ್ಲ. ಇಂದೋರಿನಿಂದ ಮನ್ಮಾಡಿಗೆ 309 ಕಿ.ಮೀ. ಹೊಸ ರೈಲು ಮಾರ್ಗಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ರೈಲು ಬಂದರೆ ಬೆಲೆ ಏರುತ್ತದೆ, ಅಲ್ಲಿಯವರೆಗೆ ಬೀಗ ಹಾಕಿಟ್ಟರಾಯಿತು ಎಂಬುದು ಅವರ ಲೆಕ್ಕ. ಅದೇ ಸಿಟ್ಟಿನಲ್ಲಿ ಹುಡುಕಿ ಓದುವಾಗ ಸಿಕ್ಕವನು ಹೆನ್ರಿ ಜಾರ್ಜ್. ಇದೇ ಲೆಕ್ಕವನ್ನು ನೂರೈವತ್ತು ವರ್ಷಗಳ ಹಿಂದೆಯೇ ಬಿಡಿಸಿಟ್ಟವನು.

ಜಾರ್ಜ್ ಹುಟ್ಟಿದ್ದು 1839ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಹತ್ತು ಮಕ್ಕಳ ಮನೆ. ಹದಿನಾಲ್ಕು ತುಂಬುವ ಮೊದಲೇ ಶಾಲೆ ಬಿಟ್ಟ. 1855ರಲ್ಲಿ ಹಡಗಿನ ಕೆಲಸದ ಹುಡುಗನಾಗಿ ಸಮುದ್ರಕ್ಕೆ ಹೊರಟ. ಆ ಹಡಗಿನ ಹೆಸರು ಹಿಂದೂ! ಮೆಲ್ಬರ್ನ್ ಮೇಲಾಸಿ ಅದು ಕಲ್ಕತ್ತೆಗೆ ಬಂತು. ನಮ್ಮ ದೇಶದ ಸಿರಿಯನ್ನೂ ಬಡತನವನ್ನೂ ಆತ ಹೂಗ್ಲಿ ದಂಡೆಯಲ್ಲಿ ಕಣ್ಣಾರೆ ಕಂಡ.

ಮರಳಿದ ಮೇಲೆ ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತು, 1858ರಲ್ಲಿ ಹೊಟ್ಟೆಪಾಡಿಗಾಗಿ ಕ್ಯಾಲಿಫೋರ್ನಿಯಾ ಸೇರಿದ. ನಮ್ಮ ಹಾಗೆಯೇ ಊರು ಬಿಟ್ಟವನು. 1861ರಲ್ಲಿ ಮದುವೆ. 1865ರ ಜನವರಿಯಲ್ಲಿ ಎರಡನೆಯ ಮಗು ಹುಟ್ಟಿದಾಗ ಮನೆಯಲ್ಲಿ ತಿನ್ನಲು ಏನೂ ಇರಲಿಲ್ಲ. ಬೀದಿಗಿಳಿದು, ಗುರುತೇ ಇಲ್ಲದ ಒಬ್ಬನನ್ನು ತಡೆದು ಐದು ಡಾಲರ್ ಕೇಳಿದ. ಆತ ಕೊಟ್ಟ. ಕೊಡದಿದ್ದರೆ ತಾನು ಯಾವ ಅನಾಹುತಕ್ಕೂ ಕೈಹಾಕುವ ಸ್ಥಿತಿಯಲ್ಲಿದ್ದೆ ಎಂದು ಜಾರ್ಜ್ ಮುಂದೆ ಹೇಳಿಕೊಂಡಿದ್ದಾನೆ.

ಅದೇ ಕಾಲಕ್ಕೆ ಅಮೆರಿಕದ ಪೂರ್ವವನ್ನೂ ಪಶ್ಚಿಮವನ್ನೂ ಜೋಡಿಸುವ ರೈಲು ಹಳಿ ಬೀಳುತ್ತಿತ್ತು. ಊರೆಲ್ಲ ಸಂಭ್ರಮದಲ್ಲಿದ್ದಾಗ ಪತ್ರಕರ್ತನಾಗಿದ್ದ ಜಾರ್ಜ್ 1868ರಲ್ಲಿ ಒಂದು ಲೇಖನ ಬರೆದ. ರೈಲು ಸಿರಿ ತರುತ್ತದೆ, ನಿಜ. ಆದರೆ ಅದು ಜಾಗ ಇದ್ದವರ ಪಾಲಾಗುತ್ತದೆ, ಇಲ್ಲದವರ ಬದುಕು ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ಅದರ ತಿರುಳು. 1869ರಲ್ಲಿ ರೈಲು ಮಾರ್ಗ ಪೂರ್ತಿಯಾಯಿತು.

ಮರುವರ್ಷ ಓಕ್ಲೆಂಡಿನ ಗುಡ್ಡಗಳ ಕಡೆ ಕುದುರೆ ಸವಾರಿ ಹೋಗಿದ್ದಾಗ, ಎದುರಾದ ಗಾಡಿಯವನನ್ನು ಸುಮ್ಮನೆ ಮಾತಿಗೆಂದು ಜಾಗದ ಬೆಲೆ ಕೇಳಿದ. ದೂರದಲ್ಲಿ ದನ ಮೇಯುತ್ತಿದ್ದ ಬಯಲನ್ನು ತೋರಿಸಿ, ಅದರ ಒಡೆಯ ಎಕರೆಗೆ ಸಾವಿರ ಡಾಲರ್ ಹೇಳುತ್ತಾನೆ ಎಂದ ಗಾಡಿಯವ. ಜಾರ್ಜ್‌ಗೆ ಒಗಟು ಬಿಡಿಸಿದಂತಾಯಿತು. ಆ ಬಯಲಿಗೆ ಒಡೆಯ ಏನೂ ಮಾಡಿಲ್ಲ. ಬೆಲೆ ತಂದದ್ದು ರೈಲು, ರಸ್ತೆ, ಅಂಗಡಿ, ದುಡಿಯಲು ಬಂದ ಜನ. ಊರು ದುಡಿದ ಫಲ ಕಾದು ಕೂತವನಿಗೆ ಸಿಗುತ್ತಿದೆ.

ಇದನ್ನೇ ಬೆಳೆಸಿ 1879ರಲ್ಲಿ ಪ್ರೋಗ್ರೆಸ್ ಆ್ಯಂಡ್ ಪಾವರ್ಟಿ ಎಂಬ ದೊಡ್ಡ ಪುಸ್ತಕ ಬರೆದ. ಪ್ರಕಾಶಕರು ಮೊದಲು ಒಲ್ಲೆವೆಂದರು. ಗೆಳೆಯನ ಅಚ್ಚುಕೂಟದಲ್ಲಿ ಮೊದಲ ಸಾಲುಗಳ ಮೊಳೆಯನ್ನು ತಾನೇ ಜೋಡಿಸಿದ. ಆಮೇಲೆ ಅದು ಲಕ್ಷಗಟ್ಟಲೆ ಮಾರಾಟವಾಯಿತು, ಟಾಲ್‌ಸ್ಟಾಯ್‌ಯಂಥವರು ಮೆಚ್ಚಿದರು.

ಆತನ ಪರಿಹಾರ ಸರಳ. ಕೂಲಿಗೆ, ಸರಕಿಗೆ, ಕಟ್ಟಡಕ್ಕೆ ತೆರಿಗೆ ಬೇಡ. ಬರಿ ಜಾಗದ ಬೆಲೆಯ ಮೇಲೆ ವರ್ಷವರ್ಷ ತೆರಿಗೆ ಹಾಕಿ. ಅಕ್ಕಪಕ್ಕ ಒಂದೇ ಅಳತೆಯ ಎರಡು ಸೈಟು ಇವೆ ಎನ್ನಿ. ಒಂದರಲ್ಲಿ ಮನೆ, ಇನ್ನೊಂದರಲ್ಲಿ ಹುಲ್ಲು. ಇಬ್ಬರಿಗೂ ತೆರಿಗೆ ಒಂದೇ. ಮನೆ ಕಟ್ಟಿಕೊಂಡವನಿಗೆ ಕಟ್ಟಿದ ತಪ್ಪಿಗೆ ದಂಡವಿಲ್ಲ. ಹುಲ್ಲು ಬೆಳೆಸಿದವನಿಗೆ ಮಾತ್ರ ಕಾಯುವುದು ದುಬಾರಿ. ಆತ ಕಟ್ಟಬೇಕು, ಇಲ್ಲವೇ ಮಾರಬೇಕು.

1880ರಲ್ಲಿ ನ್ಯೂಯಾರ್ಕಿಗೆ ಹೋದ. 1886ರ ಮೇಯರ್ ಚುನಾವಣೆಯಲ್ಲಿ ಕಾರ್ಮಿಕ ಸಂಘಗಳು ನಿಲ್ಲಿಸಿದವು. ಸೋತ, ಆದರೆ ಮುಂದೆ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟ್‌ನನ್ನು ಮೂರನೆಯ ಸ್ಥಾನಕ್ಕೆ ತಳ್ಳಿದ. 1897ರಲ್ಲಿ ವೈದ್ಯರ ಮಾತು ಮೀರಿ ಮತ್ತೆ ನಿಂತ. ಮತದಾನಕ್ಕೆ ನಾಲ್ಕು ದಿನ ಇರುವಾಗ ತೀರಿಕೊಂಡ. ಆತನ ವಾದ ತಿಳಿಸಲೆಂದೇ ಎಲಿಜಬೆತ್ ಮ್ಯಾಗಿ ಎಂಬಾಕೆ ರೂಪಿಸಿದ ಆಟಕ್ಕೆ 1904ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಮುಂದೆ ಮೊನಾಪಲಿ ಆಯಿತು. ಬೇಸಿಗೆ ರಜೆಯಲ್ಲಿ ನಾವು ಬಿಸಿನೆಸ್ ಎಂದು ಆಡಿದ್ದು ಅದರ ಮರಿಯನ್ನೇ. ಎಚ್ಚರಿಕೆಗೆಂದು ಮಾಡಿದ ಆಟದಿಂದ ನಾವು ಕಲಿತದ್ದು ಬೀದಿಗಟ್ಟಲೆ ಮನೆ ಕೊಳ್ಳುವುದನ್ನು.

ಇವತ್ತು ಕೆಲವು ಸರ್ಕಾರಗಳು ಬೇರೆ ದಾರಿ ಹಿಡಿದಿವೆ. ಸಿಂಗಪುರದಲ್ಲಿ 2023ರಿಂದ ಕಂಪನಿಗಳು ಮನೆ ಕೊಂಡರೆ ಶೇ 65ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕ. ನಮ್ಮ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಮೊದಲ ಮನೆ, ಹತ್ತನೆಯ ಮನೆ ಎಂಬ ಭೇದವೇ ಮುದ್ರಾಂಕ ಶುಲ್ಕಕ್ಕಿಲ್ಲ. ಆದಾಯ ತೆರಿಗೆಯಲ್ಲಿ ಎರಡು ಮನೆ ಸ್ವಂತ ವಾಸದ ಲೆಕ್ಕಕ್ಕೆ. ಮೂರನೆಯದು ಖಾಲಿ ಇದ್ದರೂ ಬಾಡಿಗೆ ಬಂದಂತೆ ಲೆಕ್ಕ. ಖಾಲಿ ಸೈಟಿಗೆ ಅದೂ ಇಲ್ಲ. 1957ರ ಸಂಪತ್ತು ತೆರಿಗೆಯಡಿ ನಗರದ ಖಾಲಿ ಜಾಗವೂ ಬರುತ್ತಿತ್ತು; ಕೊನೆಗೆ 30 ಲಕ್ಷ ದಾಟಿದ ನಿವ್ವಳ ಸಂಪತ್ತಿಗೆ ಶೇ 1. ಒಂದು ಮನೆಗೋ ಸಣ್ಣ ಸೈಟಿಗೋ ವಿನಾಯಿತಿ ಇತ್ತು. ವಸೂಲಿಯ ಖರ್ಚಿಗೆ ಹೋಲಿಸಿದರೆ ಬರುವುದು ಕಡಿಮೆ ಎಂದು 2015ರ ಬಜೆಟ್‌ನಲ್ಲಿ ಕೈಬಿಟ್ಟರು.

ಜಾರ್ಜ್ ಹೇಳಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ. ಪಿಂಚಣಿಯಲ್ಲಿ ಬದುಕುವ ಅಜ್ಜಿಯ ಹಳೇ ಮನೆ ಪಕ್ಕ ಮೆಟ್ರೊ ಬಂದರೆ, ಏರಿದ ತೆರಿಗೆಯನ್ನು ಆಕೆ ಎಲ್ಲಿಂದ ತರಬೇಕು? ಅಂಥವರಿಗೆ ಮನೆ ಕೈಬದಲಾದಾಗ ಕಟ್ಟುವ ಅವಕಾಶ ಬೇಕೇಬೇಕು.

ಇಷ್ಟು ಓದಿದ ಮೇಲೆ ಒಂದು ಭಾನುವಾರ ಅಪ್ಪ ಫೋನ್ ಮಾಡಿದರು. ದಾವಣಗೆರೆಯಲ್ಲಿ ನನ್ನದೊಂದು ಸೈಟಿದೆ, ಆರು ವರ್ಷದ ಹಿಂದೆ ಕೊಂಡದ್ದು. ಪಕ್ಕದ್ದೂ ಮಾರಾಟಕ್ಕಿದೆ, ತಗೊಂಡುಬಿಡು, ಬೆಲೆ ಏರುತ್ತಿದೆ ಎಂದರು. ನನ್ನ ಸೈಟಿನಲ್ಲಿ ಈಗ ಪಾರ್ಥೇನಿಯಂ ಗಿಡ ಆಳೆತ್ತರ ಬೆಳೆದಿದೆ. ಅಲ್ಲಿ ಮನೆ ಕಟ್ಟುವ ಯೋಚನೆ ನನಗೆ ಯಾವತ್ತೂ ಇರಲಿಲ್ಲ. ಅಲ್ಲಿನ ಬಾಡಿಗೆದಾರನೊಬ್ಬನಿಗೆ, ನಮ್ಮ ಬೀದಿಗೆ ಬಂದು ಕೊಂಡು ಹೋದ ಆ ಹೊರಗಿನವನು ನಾನೇ.

ಎರಡನೆಯದು ಬೇಡ ಅಪ್ಪಾಜಿ ಎಂದೆ. ಮೊದಲನೆಯದನ್ನು ಮಾರುವ ಮಾತು ಬಾಯಿಗೆ ಬರಲಿಲ್ಲ. ವರ್ಷಕ್ಕೊಮ್ಮೆ ಜಾರ್ಜ್‌ನ ತೆರಿಗೆ ಕಟ್ಟಬೇಕಿದ್ದಿದ್ದರೆ ಬಹುಶಃ ಬರುತ್ತಿತ್ತು. ಸದ್ಯ ಸ್ಟೇಷನ್ನಿನ ಆಚೆ ಬದಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೇವೆ.