ಸುರಪುರದ ನಾಲ್ವಡಿ ವೆಂಕಟಪ್ಪ ನಾಯಕರು

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಜನರಿಗೆ ಕೃಷ್ಣೆಯ ಆಚೆ ದಡದ ಸುರಪುರವು ಪರನಾಡಲ್ಲ. ಆ ಸಂಸ್ಥಾನದ ಕೊನೆಯ ಪ್ರಸಿದ್ಧ ದೊರೆ ನಾಲ್ವಡಿ ವೆಂಕಟಪ್ಪ ನಾಯಕರ ಚರಿತ್ರೆಯನ್ನು 1858ರ ಬಂಡಾಯದಿಂದಲೇ ಆರಂಭಿಸುವುದು ವಾಡಿಕೆ. ಆದರೆ ಅದರ ಮೂಲವಿರುವುದು ಅವರ ಬಾಲ್ಯದಲ್ಲಿ.

1841ರಲ್ಲಿ ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ಏಳು ವರ್ಷದ ಆಸುಪಾಸಿನವನು. ತಾಯಿ ಈಶ್ವರಮ್ಮ ಇದ್ದರೂ ಅರಮನೆಯಲ್ಲಿ ಒಳಜಗಳ, ಬೊಕ್ಕಸದ ಮೇಲೆ ಸಾಲದ ಹೊರೆ. ಆಗ ಆಡಳಿತದ ಮೇಲ್ವಿಚಾರಣೆಗೆ ಬಂದವನು ಮೆಡೋಸ್ ಟೇಲರ್. ಆತ ಬಿಳಿಯನೇ ಹೌದು, ಆದರೆ ಬಿಳಿಯರಲ್ಲಿಯೂ ಹೊರಗಿನವನು. ಹದಿನಾರು ತುಂಬುವುದರೊಳಗೆ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ನಂಬಿದ ವ್ಯಾಪಾರ ಕೈಗೂಡದೆ, ನಿಜಾಮರ ಸೈನ್ಯ ಸೇರಿದವನು. ಕಂಪನಿಯ ಖಾಸಾ ಅಧಿಕಾರಿಗಳ ಪಂಕ್ತಿಯಲ್ಲಿ ಅವನಿಗೆ ಎಲೆ ಇರಲಿಲ್ಲ.

ತಬ್ಬಲಿ ಬಾಲಕನು ಈ ಪರಕೀಯನನ್ನು ಅಪ್ಪಾ ಎಂದೇ ಕರೆದನು. ಟೇಲರ್ ಅವನ ವಿದ್ಯಾಭ್ಯಾಸವನ್ನು ನೋಡಿಕೊಂಡನು, ಸಾಲ ತೀರಿಸಿದನು. 1853ರಲ್ಲಿ ಪ್ರಾಯಕ್ಕೆ ಬಂದ ದೊರೆಗೆ ರಾಜ್ಯವನ್ನೊಪ್ಪಿಸಿ ನಳದುರ್ಗಕ್ಕೆ ತೆರಳಿದನು. ಹುಡುಗ ತನ್ನ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂಬ ಜಾತಕಫಲದ ಗುಟ್ಟನ್ನು ರಾಣಿಯು ಟೇಲರನಿಗೆ ಮಾತ್ರ ತಿಳಿಸಿದ್ದಳಂತೆ.

1858ರ ಫೆಬ್ರುವರಿಯಲ್ಲಿ ಸುರಪುರ ಸಿಡಿದೆದ್ದಿತು. ಲಿಂಗಸುಗೂರಿನ ದಂಡಿನಿಂದ ಸೈನ್ಯ ಕೃಷ್ಣೆಯನ್ನು ದಾಟಿತು. ಕೋಟೆ ಕೈಬಿಟ್ಟಿತು, ಹೈದರಾಬಾದಿಗೆ ಹೋದ ದೊರೆ ಸೆರೆಯಾದರು. ಸೆರೆಮನೆಗೆ ಬಂದ ಟೇಲರನನ್ನು ಅವರು ಬಿಗಿದಪ್ಪಿಕೊಂಡರು. ಆದರೆ ಪ್ರಚೋದಿಸಿದವರ ಹೆಸರನ್ನು ಆ ಅಪ್ಪನೆದುರಿಗೂ ಬಾಯಿಬಿಡಲಿಲ್ಲ. ಪ್ರಾಣಭಿಕ್ಷೆ ಬೇಡಲಿಲ್ಲ, ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಬೇಕೆಂದಷ್ಟೇ ಕೋರಿದರು. ಇವೆಲ್ಲ ಟೇಲರನ ಆತ್ಮಕಥೆಯಿಂದ ತಿಳಿದ ಸಂಗತಿಗಳು. ದೊರೆ ತಮ್ಮ ಕಡೆಯ ಮಾತನ್ನು ಬರೆದಿಡಲಿಲ್ಲವೆಂಬುದನ್ನು ಓದುಗರು ಮರೆಯಬಾರದು.

ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಯಿತು. ಕೊನೆಗೆ ಚೆಂಗಲಪಟ್ಟುವಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಜಾತಕ ಸುಳ್ಳಾಯಿತೆಂದು ಟೇಲರ್ ನಿಟ್ಟುಸಿರಿಟ್ಟಿರಬೇಕು. ಆದರೆ ಪಯಣದ ಮೊದಲ ತಂಗುದಾಣದಲ್ಲಿಯೇ ಕಾವಲಧಿಕಾರಿಯ ಪಿಸ್ತೂಲಿನ ಗುಂಡು ದೊರೆಯ ಪ್ರಾಣವನ್ನು ತೆಗೆಯಿತು. ಅದು ಆಕಸ್ಮಿಕವೋ, ಆತ್ಮಾರ್ಪಣೆಯೋ! ಆಗ ಅವರಿಗೆ ಇಪ್ಪತ್ತನಾಲ್ಕನೆಯ ವರ್ಷ.

1860ರಲ್ಲಿ ಸುರಪುರ ನಿಜಾಮರ ಪಾಲಾಯಿತು. ಅದೇ ವರ್ಷ ಟೇಲರ್ ಸ್ವದೇಶಕ್ಕೆ ಮರಳಿದನು. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ.