ಲೇಖನಿ ಕೆಳಗಿಟ್ಟ ಗುಮಾಸ್ತ: ಕ್ವೇಕರ್ ಸಜ್ಜನ ಜಾನ್ ವುಲ್ಮನ್

ಅಂಗಡಿಯ ಯಜಮಾನ ಒಂದು ಕಾಗದ ಬರೆದುಕೊಡು ಎಂದರೆ ಗುಮಾಸ್ತನಾದವನು ಬರೆಯಲೇಬೇಕು. ವರ್ಷದ ಸಂಬಳಕ್ಕೆ ಒಪ್ಪಿ ಸೇರಿದವನಿಗೆ ಬೇರೆ ದಾರಿ ಇರುವುದಿಲ್ಲ. ಸುಮಾರು 280 ವರ್ಷಗಳ ಹಿಂದೆ ಅಮೆರಿಕದ ನ್ಯೂಜೆರ್ಸಿ ಪ್ರಾಂತ್ಯದ ಮೌಂಟ್ ಹಾಲಿ ಎಂಬ ಸಣ್ಣ ಊರಿನಲ್ಲಿ, ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದ ತರುಣನಿಗೂ ಇಂಥದೇ ಅಪ್ಪಣೆಯಾಯಿತು. ಬರೆಯಬೇಕಾಗಿದ್ದುದು ಒಂದು ಕ್ರಯಪತ್ರ. ಮಾರಾಟವಾಗಿದ್ದುದು ಜಮೀನೂ ಅಲ್ಲ, ದನಕರುವೂ ಅಲ್ಲ. ಯಜಮಾನನ ಒಡೆತನದಲ್ಲಿದ್ದ ಒಬ್ಬ ಕಪ್ಪು ಹೆಂಗಸು. ಕೊಂಡವರು ಕಾಗದಕ್ಕಾಗಿ ಕಾಯುತ್ತಿದ್ದರು. ತರುಣನ ಮನಸ್ಸು ಒಪ್ಪಲಿಲ್ಲ. ಆದರೂ ಯಜಮಾನನ ಮಾತು, ಕೊಳ್ಳುವವರೋ ತನ್ನದೇ ಸಮಾಜದ ಹಿರಿಯರು ಎಂದು ಯೋಚಿಸಿ ಬರೆದುಕೊಟ್ಟ. ಬರೆದ ಮೇಲೆ ಮಾತ್ರ ಸುಮ್ಮನಿರಲಾಗದೆ, ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ನಮ್ಮ ಧರ್ಮಕ್ಕೆ ಹೊಂದುವುದಿಲ್ಲ ಎಂದು ಇಬ್ಬರ ಎದುರಿಗೇ ಹೇಳಿಬಿಟ್ಟ.

ಆ ತರುಣನೇ ಮುಂದೆ ಗುಲಾಮಗಿರಿಯ ವಿರುದ್ಧ ತನ್ನ ಸಮಾಜವನ್ನೇ ಎಚ್ಚರಿಸಿದ ಜಾನ್ ವುಲ್ಮನ್.

ವುಲ್ಮನ್ ಅವರು ಹುಟ್ಟಿದ್ದು 1720ರ ಅಕ್ಟೋಬರ್ 19ರಂದು, ಮೌಂಟ್ ಹಾಲಿಯ ಸಮೀಪದ ಒಂದು ಕೃಷಿಕ ಕುಟುಂಬದಲ್ಲಿ. ಹದಿಮೂರು ಮಕ್ಕಳ ತುಂಬಿದ ಮನೆ. ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಬಾಲ್ಯದ ಒಂದು ಘಟನೆಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ದಾರಿಯಲ್ಲಿ ಗೂಡಿನ ಬಳಿ ಹಾರಾಡುತ್ತಿದ್ದ ರಾಬಿನ್ ಹಕ್ಕಿಗೆ ಆಟಕ್ಕೆಂದು ಕಲ್ಲೆಸೆದರು. ಹಕ್ಕಿ ಸತ್ತು ಬಿತ್ತು. ತಾಯಿಯಿಲ್ಲದೆ ಗೂಡಿನ ಮರಿಗಳು ಹಸಿದು ನರಳಿ ಸಾಯುತ್ತವಲ್ಲಾ ಎಂದು ಹೊಳೆದಾಗ, ಮರ ಹತ್ತಿ ಆ ಮರಿಗಳನ್ನೂ ತಮ್ಮ ಕೈಯಿಂದಲೇ ಕೊಲ್ಲಬೇಕಾಯಿತು. ಮಾಡಿದ ಒಂದು ತಪ್ಪು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬ ಪಾಠ ಅಂದೇ ಮನಸ್ಸಿನಲ್ಲಿ ಉಳಿಯಿತು.

ಅವರ ಮನೆತನ ಕ್ವೇಕರ್ ಪಂಥಕ್ಕೆ ಸೇರಿದ್ದು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಅವರಿಂದ ಆರಂಭವಾದ ಈ ಪಂಥದವರು ತಮ್ಮನ್ನು ತಾವು ಮಿತ್ರರು ಎಂದು ಕರೆದುಕೊಳ್ಳುತ್ತಾರೆ. ಕ್ವೇಕರ್ ಅಂದರೆ ನಡುಗುವವರು. ಅದು ವಿರೋಧಿಗಳು ಹಾಸ್ಯಕ್ಕೆ ಇಟ್ಟ ಹೆಸರಾಗಿದ್ದು, ಕೊನೆಗೆ ಅದೇ ನಿಂತಿತು. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕು ಇದೆ ಎಂಬುದು ಅವರ ಮೂಲ ನಂಬಿಕೆ. ಅಂದಿನ ಅವರ ಪ್ರಾರ್ಥನಾ ಸಭೆಯಲ್ಲಿ ಪುರೋಹಿತರಿಲ್ಲ, ಹಾಡಿಲ್ಲ, ಅಲಂಕಾರವಿಲ್ಲ. ಎಲ್ಲರೂ ಮೌನವಾಗಿ ಕೂರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತು ಹೇಳಿ ಕುಳಿತುಕೊಳ್ಳುತ್ತಾರೆ.

ಈ ನಂಬಿಕೆಯಿಂದಲೇ ಅವರ ಆಚಾರಗಳೂ ಹುಟ್ಟಿದವು. ದೊಡ್ಡವರ ಎದುರು ಟೋಪಿ ತೆಗೆಯುತ್ತಿರಲಿಲ್ಲ. ಆಗಿನ ಇಂಗ್ಲಿಷಿನಲ್ಲಿ ನಮ್ಮ ನೀನು, ನೀವು ಎಂಬಂತೆ ಎರಡು ರೂಪಗಳಿದ್ದವು. ಕ್ವೇಕರರು ನ್ಯಾಯಾಧೀಶರನ್ನೂ ಕೂಲಿಯವನನ್ನೂ ನೀನು ಎಂದೇ ಕರೆದು ಜೈಲು ಸೇರಿದ್ದುಂಟು. ಸತ್ಯವನ್ನು ಎಲ್ಲ ಸಮಯದಲ್ಲೂ ಹೇಳಬೇಕಾದ್ದರಿಂದ ನ್ಯಾಯಾಲಯದಲ್ಲಿ ಬೇರೆ ಪ್ರಮಾಣ ಏಕೆ ಎನ್ನುತ್ತಿದ್ದರು. ಆಯುಧ ಹಿಡಿಯುತ್ತಿರಲಿಲ್ಲ. ಅಂಗಡಿಯಲ್ಲಿ ಚೌಕಾಸಿ ಇಲ್ಲದೆ ಒಂದೇ ದರ ಹೇಳುತ್ತಿದ್ದುದರಿಂದ ವ್ಯಾಪಾರದಲ್ಲಿ ಜನರ ವಿಶ್ವಾಸ ಗಳಿಸಿದ್ದರು. 1681ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರರಿಗೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಪ್ರಾಂತ್ಯ ದೊರೆತ ಮೇಲೆ ಸಾವಿರಾರು ಮಂದಿ ಅಲ್ಲಿಗೆ ವಲಸೆ ಹೋದರು.

ಆದರೆ ಹೊಸ ನಾಡಿನಲ್ಲಿ ಸಿರಿ ಬಂದಂತೆ ಗುಲಾಮರೂ ಬಂದರು. ಎಲ್ಲರಲ್ಲೂ ಬೆಳಕಿದೆ ಎನ್ನುತ್ತಿದ್ದವರ ಮನೆಗಳಲ್ಲೇ ಕೊಂಡು ತಂದ ಮನುಷ್ಯರು ದುಡಿಯುತ್ತಿದ್ದರು. 1688ರಲ್ಲೇ ಜರ್ಮನ್‌ಟೌನ್ ಎಂಬಲ್ಲಿ ನಾಲ್ಕು ಮಂದಿ ಲಿಖಿತ ಆಕ್ಷೇಪ ಸಲ್ಲಿಸಿದ್ದರು. ಅದು ಒಂದು ಸಭೆಯಿಂದ ಮೇಲಿನ ಸಭೆಗೆ, ಅಲ್ಲಿಂದ ಇನ್ನೂ ಮೇಲಿನ ಸಭೆಗೆ ಹೋಗಿ, ಅಲ್ಲಿ ನಿರ್ಣಯವಿಲ್ಲದೆ ಬದಿಗೆ ಸರಿಯಿತು.

ವುಲ್ಮನ್ ಅವರು ಆರಂಭಿಸಿದ್ದು ತಮ್ಮ ಕೈಯಿಂದ. ಮೊದಲ ಕ್ರಯಪತ್ರ ಬರೆದುಕೊಟ್ಟ ಕೊರಗು ಅವರನ್ನು ಬಿಡಲಿಲ್ಲ. ಸ್ವಲ್ಪ ಕಾಲದ ನಂತರ ಇನ್ನೊಬ್ಬ ಕ್ವೇಕರ್ ತರುಣ ಅಂಥದೇ ಪತ್ರ ಬರೆಸಲು ಬಂದಾಗ ಸಾಧ್ಯವಿಲ್ಲ ಎಂದುಬಿಟ್ಟರು. ಬಂದವನು ಕೆಟ್ಟವನಲ್ಲ; ತನಗೂ ಇದು ಸರಿಕಾಣುವುದಿಲ್ಲ, ಆದರೆ ಹೆಂಡತಿಗೆ ಉಡುಗೊರೆಯಾಗಿ ಬಂದದ್ದು ಎಂದ. ಉಡುಗೊರೆ, ಪಿತ್ರಾರ್ಜಿತ, ಎಲ್ಲರೂ ಇಟ್ಟುಕೊಂಡಿದ್ದಾರೆ ಎಂಬ ಸಮಾಧಾನ: ಆ ಅನ್ಯಾಯ ನಿಂತಿದ್ದುದು ಇಂಥ ಸಾಧಾರಣ ಮಾತುಗಳ ಮೇಲೆ.

ಊರಿನವರ ಉಯಿಲುಗಳನ್ನೂ ವುಲ್ಮನ್ ಅವರೇ ಬರೆಯುತ್ತಿದ್ದರು. ಅದರಲ್ಲಿ ಸಂಪಾದನೆಯಿತ್ತು. ಒಮ್ಮೆ ಪೆಟ್ಟು ತಿಂದು ಹಾಸಿಗೆ ಹಿಡಿದ ನೆರೆಯವರೊಬ್ಬರು ಉಯಿಲು ಬರೆಸಿದರು. ಗುಲಾಮ ಹುಡುಗಿಯೊಬ್ಬಳನ್ನು ತಮ್ಮ ಮಗುವಿನ ಪಾಲಿಗೆ ಬಿಡುವ ಅಂಶವೂ ಅದರಲ್ಲಿತ್ತು. ವುಲ್ಮನ್ ಉಳಿದೆಲ್ಲವನ್ನೂ ಬರೆದು ಅದೊಂದನ್ನು ಬಿಟ್ಟರು. ಶುಲ್ಕ ಪಡೆಯದೆ ಕಾಗದವನ್ನು ರೋಗಿಯ ಬಳಿಗೆ ಒಯ್ದು, ಇಷ್ಟನ್ನು ಮಾತ್ರ ಬರೆಯಲಾರೆ ಎಂದು ಸ್ನೇಹದಿಂದಲೇ ತಿಳಿಸಿದರು. ಮಾತುಕತೆಯಾಯಿತು. ಕೊನೆಗೆ ಆ ಹುಡುಗಿಯನ್ನು ಬಿಡುಗಡೆ ಮಾಡಲು ಅವರು ಒಪ್ಪಿದರು, ಉಯಿಲು ಪೂರ್ಣವಾಯಿತು. ಎದುರಿನವರನ್ನು ಪಾಪಿ ಎಂದು ಹಳಿಯದೆ, ತನ್ನಿಂದ ಇದು ಆಗದು ಎಂದು ಹೇಳುವುದೇ ಅವರ ರೀತಿಯಾಗಿತ್ತು.

1746ರಲ್ಲಿ ಐಸಾಕ್ ಆಂಡ್ರೂಸ್ ಎಂಬ ಗೆಳೆಯರೊಂದಿಗೆ ಮೇರಿಲ್ಯಾಂಡ್, ವರ್ಜೀನಿಯಾ, ಉತ್ತರ ಕೆರೋಲಿನಾಗಳಲ್ಲಿ ಸುಮಾರು 1500 ಮೈಲಿ ಸಂಚರಿಸಿದರು. ಗುಲಾಮರು ದುಡಿದು ತಂದ ಅನ್ನವನ್ನು ಅತಿಥಿಯಾಗಿ ಪುಕ್ಕಟೆ ಉಣ್ಣುವುದು ಗಂಟಲಲ್ಲಿ ಇಳಿಯಲಿಲ್ಲ. 1757ರಲ್ಲಿ ಮತ್ತೆ ಹೋದಾಗ ಸಣ್ಣ ಬೆಳ್ಳಿ ನಾಣ್ಯಗಳನ್ನು ಜೊತೆಗೆ ಒಯ್ದರು. ಉಳಿದುಕೊಂಡ ಮನೆ ಬಿಡುವಾಗ ಸೇವೆ ಮಾಡಿದ ಗುಲಾಮರಿಗೆ ಅದನ್ನು ಕೂಲಿಯಾಗಿ ಕೊಡುವುದು ಅಥವಾ ಹಂಚಲು ಮನೆಯವರ ಕೈಗೆ ಕೊಡುವುದು ಅವರ ಕ್ರಮವಾಯಿತು. ಅತಿಥೇಯರಿಗೆ ಇರಿಸುಮುರಿಸಾಗುತ್ತಿದ್ದರೂ ಜಗಳವಾಗದಂತೆ ನಯವಾಗಿ ತಿಳಿಹೇಳುತ್ತಿದ್ದರು. 1754ರಲ್ಲಿ ಗುಲಾಮಗಿರಿ ಕುರಿತ ಅವರ ಮೊದಲ ಪ್ರಬಂಧ ಪ್ರಕಟವಾಯಿತು. ಎರಡನೆಯ ಭಾಗ 1762ರಲ್ಲಿ ಬಂತು.

ಅವರದು ನಡೆನುಡಿ ಒಂದಾದ ಬದುಕು. 1749ರಲ್ಲಿ ಸಾರಾ ಎಲಿಸ್ ಅವರನ್ನು ವಿವಾಹವಾದರು. ಮೇರಿ ಎಂಬ ಮಗಳಿದ್ದಳು. ಸ್ವಂತ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಲಾಭ ಹೆಚ್ಚಿದಂತೆ ಮನಸ್ಸು ವ್ಯಾಪಾರಕ್ಕೇ ಕಟ್ಟಿಬೀಳುತ್ತಿದೆ ಎನಿಸಿ, 1756ರ ಸುಮಾರಿಗೆ ಅದನ್ನು ಬಿಟ್ಟು ದರ್ಜಿ ಕೆಲಸ ಮತ್ತು ಸೇಬಿನ ತೋಟದಲ್ಲೇ ತೃಪ್ತರಾದರು. ಕಬ್ಬಿನ ತೋಟಗಳಲ್ಲಿ ಗುಲಾಮರು ಪಡುವ ಪಾಡು ತಿಳಿದು ಸಕ್ಕರೆ ತೊರೆದರು. ಬಣ್ಣ ಕೊಳೆಯನ್ನು ಮರೆಮಾಚುತ್ತದೆ ಎಂದು ಬಣ್ಣ ಹಾಕದ ಬಟ್ಟೆಯನ್ನೇ ಉಟ್ಟರು.

1758ರಲ್ಲಿ ಫಿಲಡೆಲ್ಫಿಯಾದಲ್ಲಿ ಕ್ವೇಕರರ ವಾರ್ಷಿಕ ಮಹಾಸಭೆ ಸೇರಿತು. ಸಂಘಸಂಸ್ಥೆಗಳಲ್ಲಿ ದುಡಿಯುವವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಕ್ವೇಕರರ ಸಭೆಯಲ್ಲಿ ಮತದಾನವಿಲ್ಲ. ಸಭೆ ನಡೆಸುವವರನ್ನು ಅಧ್ಯಕ್ಷರೆನ್ನದೆ ಕ್ಲಾರ್ಕ್ ಎಂದು ಕರೆಯುತ್ತಾರೆ. ಎಲ್ಲರ ಮಾತು ಕೇಳಿ, ಸಭೆಯ ಒಟ್ಟು ಮನಸ್ಸು ಏನೆಂದು ಕ್ಲಾರ್ಕ್ ಬರೆಯುತ್ತಾರೆ. ಒಮ್ಮತ ಮೂಡದಿದ್ದರೆ ವಿಷಯ ಮುಂದಕ್ಕೆ ಹೋಗುತ್ತದೆ. ಅಂದು ಗುಲಾಮಗಿರಿಯ ವಿಷಯವನ್ನೂ ಮುಂದೂಡುವ ಮಾತು ನಡೆದಿತ್ತು. ಬಹಳ ಹೊತ್ತು ಮೌನವಾಗಿದ್ದ ವುಲ್ಮನ್ ಕೊನೆಗೆ ಎದ್ದು, ನೊಂದವರ ಕೂಗು ದೇವರಿಗೆ ಮುಟ್ಟಿರುವಾಗ ಕೆಲವರ ಸ್ವಾರ್ಥ ಮತ್ತು ಸ್ನೇಹದ ದಾಕ್ಷಿಣ್ಯಕ್ಕಾಗಿ ಕರ್ತವ್ಯ ಮುಂದೂಡುವುದು ಸಲ್ಲದು ಎಂಬರ್ಥದಲ್ಲಿ ಮಾತನಾಡಿದರು. ಸಭೆಯ ಮನಸ್ಸು ತಿರುಗಿತು. ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಸಮಾಜದ ಆಡಳಿತ ಕಾರ್ಯಗಳಿಂದ ದೂರವಿಡಲು ತೀರ್ಮಾನವಾಯಿತು. ಗುಲಾಮರನ್ನು ಇಟ್ಟುಕೊಂಡವರ ಮನೆಮನೆಗೆ ಹೋಗಿ ತಿಳಿಹೇಳಲು ಒಂದು ಸಮಿತಿ ನೇಮಕವಾಯಿತು. ವುಲ್ಮನ್ ಅದರಲ್ಲಿ ಒಬ್ಬರಾಗಿ ಹಲವು ವರ್ಷ ತಿರುಗಿದರು. ಗೌರವಸ್ಥರ ಮನೆಯ ಚಾವಡಿಯಲ್ಲಿ ಕುಳಿತು ಅವರಿಗೆ ಬೇಡವಾದ ಮಾತು ಹೇಳುವುದು ಮೃದು ಸ್ವಭಾವದ ಅವರಿಗೆ ಸುಲಭವಾಗಿರಲಿಲ್ಲ.

1772ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ಹಡಗಿನ ಕ್ಯಾಬಿನ್ನಿನ ಕೆತ್ತನೆಯ ಆಡಂಬರ ಕಂಡು ಅದನ್ನು ಒಲ್ಲದೆ, ಕೆಳಗಿನ ಅಂಕಣದಲ್ಲಿ ನಾವಿಕರ ನಡುವೆ ಪ್ರಯಾಣ ಮಾಡಿದರು. ಬಿಳಿಯ ಟೋಪಿ, ಬಣ್ಣವಿಲ್ಲದ ಬಟ್ಟೆಯ ಈ ಅಪರಿಚಿತರನ್ನು ಲಂಡನ್ನಿನ ಕ್ವೇಕರರು ಮೊದಲು ಅನುಮಾನದಿಂದಲೇ ನೋಡಿದರೆಂದು ಹೇಳುತ್ತಾರೆ. ಮಾತು ಕೇಳಿದ ಮೇಲೆ ಆದರದಿಂದ ಬರಮಾಡಿಕೊಂಡರಂತೆ. ಅಲ್ಲಿಂದ ಉತ್ತರದ ಯಾರ್ಕ್ ಕಡೆಗೆ ಕಾಲ್ನಡಿಗೆಯಲ್ಲೇ ಸಾಗಿದರು. ವೇಗಕ್ಕಾಗಿ ಕುದುರೆಗಳನ್ನು ಸಾಯುವವರೆಗೆ ಓಡಿಸುತ್ತಾರೆ, ಚಳಿಯಲ್ಲಿ ಹುಡುಗರನ್ನು ದುಡಿಸುತ್ತಾರೆ ಎಂದು ಸಾರೋಟು ಹತ್ತಲಿಲ್ಲ. ಅದರಲ್ಲಿ ಹೋಗುವ ಅಂಚೆಯಲ್ಲಿ ತನಗೆ ಕಾಗದ ಕಳಿಸಬೇಡಿ ಎಂದೂ ತಿಳಿಸಿದ್ದರು. ದಾರಿಯುದ್ದಕ್ಕೂ ಕೂಲಿಯವರ ದಿನಗೂಲಿ 10 ಪೆನ್ಸ್, ಗೋಧಿಯ ಬೆಲೆ ಬುಶೆಲ್ಲಿಗೆ ಸುಮಾರು 8 ಶಿಲಿಂಗ್ ಎಂದು ದಿನಚರಿಯಲ್ಲಿ ಬರೆದಿಟ್ಟರು. 12 ಪೆನ್ಸಿಗೆ ಒಂದು ಶಿಲಿಂಗ್. ಒಂದು ಬುಶೆಲ್ ಗೋಧಿಗೆ ಒಂಬತ್ತು ದಿನಕ್ಕೂ ಹೆಚ್ಚು ದುಡಿಯಬೇಕು ಎಂದಾಯಿತು. ಹಳೆಯ ಲೆಕ್ಕದ ಗುಮಾಸ್ತ ಬಡವರ ಲೆಕ್ಕ ಬರೆಯುವುದನ್ನು ಬಿಟ್ಟಿರಲಿಲ್ಲ.

ಯಾರ್ಕ್‌ನಲ್ಲಿ ಸಿಡುಬು ತಗಲಿ 1772ರ ಅಕ್ಟೋಬರ್ 7ರಂದು ತೀರಿಕೊಂಡರು. 52 ತುಂಬಲು ಇನ್ನೂ ಹನ್ನೆರಡು ದಿನ ಬಾಕಿಯಿತ್ತು. ಅವರ ದಿನಚರಿ 1774ರಲ್ಲಿ ಅಚ್ಚಾಯಿತು. 1776ರಲ್ಲಿ ಫಿಲಡೆಲ್ಫಿಯಾದ ಮಹಾಸಭೆ, ಗುಲಾಮರನ್ನು ಬಿಡುಗಡೆ ಮಾಡದವರಿಗೆ ಸಮಾಜದ ಸದಸ್ಯತ್ವವೇ ಇಲ್ಲ ಎಂದು ತೀರ್ಮಾನಿಸಿತು. 1787ರಲ್ಲಿ ಲಂಡನ್ನಿನಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಸ್ಥಾಪನೆಯಾದ ಸಮಿತಿಯ ಹನ್ನೆರಡು ಸದಸ್ಯರಲ್ಲಿ ಒಂಬತ್ತು ಮಂದಿ ಕ್ವೇಕರರು. 1807ರಲ್ಲಿ ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿತು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಳ್ಳಲು 1865 ಬರಬೇಕಾಯಿತು. ಪರಿಹಾರ ಸೇವೆಗಾಗಿ ಕ್ವೇಕರರ ಎರಡು ಸಂಸ್ಥೆಗಳಿಗೆ 1947ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಸಂದಿತು.

ಇದಾವುದನ್ನೂ ಕಾಣಲು ವುಲ್ಮನ್ ಬದುಕಿರಲಿಲ್ಲ. ಅವರ ಬಳಿ ಪದವಿ, ಸೈನ್ಯ, ಸಂಪತ್ತು ಯಾವುದೂ ಇರಲಿಲ್ಲ. ಇದ್ದುದು ಒಂದು ಲೇಖನಿ, ಒಂದು ಸೂಜಿ, ನಡೆಯಲು ಎರಡು ಕಾಲು. ಮೊದಲ ಸಲ ಅವರೂ ಸೋತು ಬರೆದುಕೊಟ್ಟವರೇ. ಆದರೆ ಎರಡನೆಯ ಸಲ ಬರೆಯಲಿಲ್ಲ. ಮೌಂಟ್ ಹಾಲಿಯ ಅಂಗಡಿಯಲ್ಲಿ ಮಾರಾಟವಾದ ಆ ಹೆಂಗಸಿನ ಹೆಸರನ್ನು ಅವರ ದಿನಚರಿ ಹೇಳುವುದಿಲ್ಲ. ಆದರೆ ಅವಳಿಗಾಗಿ ಪಟ್ಟ ಸಂಕಟವೇ ಒಂದು ಸಮಾಜದ ಕಣ್ಣು ತೆರೆಸಿತು.