ಶಿಸ್ತಿನ ಶಿವಪ್ಪನಾಯಕನೂ ನಮ್ಮ ಸ್ಟೈಲ್‌ಶೀಟೂ

ಆನಂದಪುರದಿಂದ ಸಾಗರದ ಕಡೆ ಹೊರಟರೂ ಹೊಸನಗರದ ಕಡೆ ಹೊರಟರೂ ನಾವು ಓಡಾಡೋದು ಕೆಳದಿ ಅರಸರ ನೆಲದಲ್ಲೇ. ಅವರಲ್ಲಿ ಹೆಚ್ಚು ಹೆಸರಾದವನು ಶಿವಪ್ಪನಾಯಕ. 1645ರಲ್ಲಿ ಪಟ್ಟಕ್ಕೆ ಬಂದು, 1660ರಲ್ಲಿ ತೀರಿಕೊಳ್ಳುವವರೆಗೂ ಬಿದನೂರಿನಿಂದ, ಅಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರದಿಂದ, ಆಳಿದ. ಪೋರ್ಚುಗೀಸರ ಕೈಯಿಂದ ಹೊನ್ನಾವರ, ಬಸರೂರು ಕಿತ್ತುಕೊಂಡ. ನೆಲೆ ತಪ್ಪಿ ಬಂದ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟ. ಆದರೂ ಜನ ನೆನೆಯೋದು ಅವನ ಲೆಕ್ಕವನ್ನು. ಶಿಸ್ತು ಎಂದರೆ ಅವನು ಗೊತ್ತು ಮಾಡಿದ ಭೂಕಂದಾಯ.

ಮಲೆನಾಡಲ್ಲಿ ಒಂದು ಗದ್ದೆ ಇದ್ದ ಹಾಗೆ ಇನ್ನೊಂದಿಲ್ಲ. ಒಂದೊಂದಕ್ಕೂ ಬೇರೆ ಚೌಕಾಸಿ ಅಂತ ಕೂತರೆ ಲೆಕ್ಕ ಮುಗಿಯೋಲ್ಲ, ಸೋಲೋದು ಬಡ ರೈತನೇ. ನಾಯಕ ಫಲವತ್ತತೆ ನೋಡಿ ನೆಲವನ್ನು ಐದು ದರ್ಜೆ ಮಾಡಿದ. ಪ್ರತಿ ಊರಲ್ಲೂ ಒಂದೊಂದು ದರ್ಜೆಯ ಒಂದು ಗದ್ದೆಯನ್ನು ತಾನೇ 12 ವರ್ಷ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಬೆಳೆ, ಬೆಲೆ ಬರೆಸಿಟ್ಟ ಎನ್ನುತ್ತದೆ ಮೈಸೂರು ಗೆಜೆಟಿಯರ್. ಸರಾಸರಿ ತೆಗೆದು, ಮೂರರಲ್ಲಿ ಒಂದು ಪಾಲು ಅರಮನೆಗೆ ಎಂದು ನಿಗದಿ ಮಾಡಿದ. ಅಡಿಕೆ ತೋಟದ ನಿಯಮ ಬೇರೆ, ಅಲ್ಲಿ ಸಾವಿರ ಮರಕ್ಕೆ ಇಷ್ಟು ಅಂತ. ಪಾಲು ಸಣ್ಣದೇನಲ್ಲ, ಆದರೆ ಕೊಡಬೇಕಾದ್ದೆಷ್ಟು ಅನ್ನೋದು ರೈತನಿಗೆ ಮೊದಲೇ ಗೊತ್ತಿತ್ತು.

ನಮ್ಮ ಪ್ರಾಜೆಕ್ಟುಗಳ ಸಿಎಸ್‌ಎಸ್‌ಗೂ ಬೇಕಾದ್ದು ಇದೇ. ಒಂದೊಂದು ಬಟನ್ನಿಗೂ ಹೊಸದಾಗಿ ಸ್ಟೈಲ್ ಬರೆಯೋ ಬದಲು ದರ್ಜೆ, ಅಂದರೆ ಕ್ಲಾಸ್ ಮಾಡೋಣ. ಮೂಲ ನಿಯಮಗಳಿಗೆ ಒಂದು ಫೈಲು, ಪುಟದ ಚೌಕಟ್ಟಿಗೆ ಇನ್ನೊಂದು, ಬಟನ್, ಫಾರ್ಮ್, ಮೆನುಗಳಿಗೆ ಅವುಗಳದ್ದೇ. ಗದ್ದೆಯ ನಿಯಮ ತಿದ್ದಿದರೆ ತೋಟ ಕೆಡಬಾರದು.

ಆದರೆ ಫೈಲು ಒಡೆದ ಮಾತ್ರಕ್ಕೆ ಪುಟ ಬೇಗ ತೆರೆದುಕೊಳ್ಳೋಲ್ಲ. ಪುಟದ ಹೆಡ್‌ನಲ್ಲಿ ಕೊಟ್ಟ ಸ್ಟೈಲ್‌ಶೀಟ್ ಬರುವ ತನಕ ಬ್ರೌಸರ್ ಸಾಮಾನ್ಯವಾಗಿ ಏನನ್ನೂ ತೋರಿಸದೆ ಕಾಯುತ್ತದೆ. ಒಂದು ಫೈಲಿನೊಳಗಿಂದ ಇಂಪೋರ್ಟ್ ಹಾಕಿ ಇನ್ನೊಂದನ್ನು ಕರೆದರೆ, ಮೊದಲನೆಯದು ಬಂದ ಮೇಲೇ ಎರಡನೆಯದು ಬೇಕು ಅನ್ನೋದು ಅದಕ್ಕೆ ತಿಳಿಯೋದು, ಕಾಯೋದು ಇನ್ನಷ್ಟು. ಹಾಗಾಗಿ ಬರೆಯುವಾಗ ಬಿಡಿಬಿಡಿಯಾಗಿರಲಿ, ಕಳಿಸುವಾಗ ಬಿಲ್ಡ್ ಟೂಲ್‌ನಿಂದ ಒಟ್ಟುಗೂಡಿಸೋಣ. ಲಾಗಿನ್ ಪುಟಕ್ಕೆ ಗ್ಯಾಲರಿಯ ಸ್ಟೈಲ್ ಹೊರಿಸೋದು ಬೇಡ.

ನಾಯಕನ ಐದು ದರ್ಜೆ ಕುಳಿತಲ್ಲೇ ಊಹಿಸಿದ್ದಾಗಿರಲಿಲ್ಲ. ಹಿಂದೆ 12 ವರ್ಷದ ಅಳತೆ ಇತ್ತು. ಅದಕ್ಕೇ ಅವನ ನಂತರದವರೂ ಅದೇ ಶಿಸ್ತಿನ ಮೇಲೆ ಕಂದಾಯ ಎತ್ತಿದರು. ನಮಗೆ 12 ನಿಮಿಷ ಸಾಕು. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಕವರೇಜ್ ತೆರೆದರೆ, ಪುಟ ಬಳಸದ ನಿಯಮಗಳು ಯಾವುವು ಅಂತ ಅದೇ ತೋರಿಸುತ್ತೆ. ಫೈಲು ಒಡೆಯೋ ಮುಂಚೆ ಅದನ್ನೊಮ್ಮೆ ನೋಡೋಣ.